ಪಟಾಕಿಯ ಬಣ್ಣ, ಹೊಗೆ, ವಿಷ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವವನಿಗೆ ವರ್ಷಕ್ಕೆ ಎರಡು ಸಲ ಅವೇ ಪ್ರಶ್ನೆಗಳು ಬರುತ್ತವೆ. ದೀಪಾವಳಿಗೆ ಒಮ್ಮೆ, ಸಂಕ್ರಮಣದಲ್ಲಿ ಸಿದ್ಧೇಶ್ವರ ಜಾತ್ರೆಯ ಮದ್ದು ಸುಟ್ಟ ಮರುದಿನ ಇನ್ನೊಮ್ಮೆ. ಕ್ಲಾಸಿನಲ್ಲಿ, ಚಹಾದಂಗಡಿಯಲ್ಲಿ, ಬೆಳಗಾವಿ-ಬಾಗಲಕೋಟೆಯ ಬೀಗರ ಮನೆಗಳಲ್ಲಿ, ಫೋನಿನಲ್ಲಿ ಕೇಳಿದ್ದನ್ನೆಲ್ಲ ಇಲ್ಲಿ ಕೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಪಟಾಕಿ ಮಾಡುವ ಅಳತೆ ಇಲ್ಲಿಲ್ಲ. ಅದನ್ನು ಹುಡುಕಿಕೊಂಡು ಬಂದವರು ಇಲ್ಲೇ ಹಿಂದಿರುಗಬಹುದು.

## ಬಣ್ಣ ಎಲ್ಲಿಂದ ಬರುತ್ತದೆ

ಸರ್, ಹೋಳಿ ಬಣ್ಣ ಇದ್ದಂಗ ಪಟಾಕ್ಯಾಗೂ ಬಣ್ಣದ ಪುಡಿ ಹಾಕ್ತಾರೇನ್ರಿ?

ಇಲ್ಲ. ಬಾಗಲಕೋಟೆಯ ಹೋಳಿಯಲ್ಲಿ ಬ್ಯಾರಲ್‌ಗಟ್ಟಲೆ ಎರಚುವುದು ಮೊದಲೇ ಬಣ್ಣ. ಪಟಾಕಿಯೊಳಗಿನ ಪುಡಿ ನೋಡಿದರೆ ಬೂದು, ಬಿಳಿ, ಕಪ್ಪು. ಕಾದಾಗ ಮಾತ್ರ ಅದು ಬಣ್ಣದ ಬೆಳಕು ಕೊಡುತ್ತದೆ. ಮನೆಯಲ್ಲೇ ಇದನ್ನು ನೋಡಿರುತ್ತೀರಿ. ಬೇಳೆ ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದರೆ ನೀಲಿ ಉರಿ ಒಮ್ಮೆಲೇ ಹಳದಿ ಆಗುತ್ತದೆ, ಅಲ್ವಾ? ಅದು ಉಪ್ಪಿನೊಳಗಿನ ಸೋಡಿಯಂ. ಪಟಾಕಿಯ ಹಳದಿಯೂ ಅದೇ ಸೋಡಿಯಂ. ಕೆಂಪಿಗೆ ಸ್ಟ್ರಾಂಷಿಯಂ, ಹಸಿರಿಗೆ ಬೇರಿಯಂ, ನೀಲಿಗೆ ತಾಮ್ರ, ಕಿತ್ತಳೆಗೆ ಕ್ಯಾಲ್ಸಿಯಂ. ನೇರಳೆ ಬೇಕಾದರೆ ಕೆಂಪು, ನೀಲಿ ಎರಡನ್ನೂ ಕೂಡಿಸುತ್ತಾರೆ. ಬೆಳ್ಳಿಯಂಥ ಬಿಳುಪು ಅಲ್ಯೂಮಿನಿಯಂ, ಮೆಗ್ನೀಸಿಯಂ ಕೊಟ್ಟದ್ದು. ಬಂಗಾರದ ಕಿಡಿ ಎಂದರೆ ಕಬ್ಬಿಣದ ರಜ ಇಲ್ಲವೇ ಇದ್ದಿಲು.

ಹಂಗಾದ್ರ ಯಾವ ಬಣ್ಣ ಹೆಚ್ಚು ವಿಷ?

ಒಂದನ್ನೇ ಹೇಳು ಎಂದರೆ ಹಸಿರು. ಅದರಲ್ಲಿರುವುದು ಬೇರಿಯಂ.

ಆದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಕನ್ನಡದಲ್ಲಿ 'ಮದ್ದು' ಅಂದರೆ ಔಷಧಿ. ಜಾತ್ರೆಯಲ್ಲಿ ಸುಡುವುದೂ ಮದ್ದೇ. 'ಅವನಿಗೆ ಯಾರೋ ಮದ್ದು ಹಾಕ್ಯಾರ' ಅಂದರೆ ಊಟದಲ್ಲಿ ವಿಷ ಬೆರೆಸಿದ್ದಾರೆ ಎಂದು. ಬೇರಿಯಂ ಈ ಮೂರೂ ಹೌದು. ಹೊಟ್ಟೆಯ ಎಕ್ಸ್‌ರೇ ತೆಗೆಯುವ ಮುಂಚೆ ಲೋಟಗಟ್ಟಲೆ ಕುಡಿಸುತ್ತಾರಲ್ಲ, ಸುಣ್ಣದ ತಿಳಿಯಂಥ ಬಿಳಿ ನೀರು, ಅದು ಬೇರಿಯಂ ಸಲ್ಫೇಟ್. ಅದು ಕರಗುವುದೇ ಇಲ್ಲ. ಹಾಗಾಗಿ ಹೊಟ್ಟೆಗೆ ಹೋದಂತೆಯೇ ಹೊರಗೆ ಬರುತ್ತದೆ. ಬೇರಿಯಂ ಕಾರ್ಬೊನೇಟ್ ನೀರಿನಲ್ಲಿ ಕರಗುವುದಿಲ್ಲ, ಆದರೆ ಹೊಟ್ಟೆಯ ಆಮ್ಲದಲ್ಲಿ ಕರಗುತ್ತದೆ. ಅದನ್ನು ಇಲಿ ಪಾಷಾಣ ಮಾಡಿದ್ದರು. ಪಟಾಕಿಗೆ ಹಾಕುತ್ತಿದ್ದ ಬೇರಿಯಂ ನೈಟ್ರೇಟ್ ಸಾದಾ ನೀರಿನಲ್ಲೇ ಕರಗುತ್ತದೆ.

ಕರಗಿದ ಬೇರಿಯಂ ರಕ್ತಕ್ಕೆ ಸೇರಿದರೆ ಪೊಟ್ಯಾಸಿಯಂ ಜೀವಕೋಶದಿಂದ ಹೊರಬರುವ ದಾರಿಗೆ ಅಡ್ಡ ನಿಲ್ಲುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಸರ್ರನೆ ಇಳಿಯುತ್ತದೆ. ಕೈಕಾಲು ಸೋಲುತ್ತವೆ, ಎದೆಬಡಿತ ತಪ್ಪುತ್ತದೆ. ಹಾಗಾಗಿ 'ಬೇರಿಯಂ ವಿಷವೇ?' ಎಂದು ಕೇಳಿದರೆ ನಾನು ಮೊದಲು ಕೇಳುವುದು 'ಯಾವ ಬೇರಿಯಂ? ಕರಗುತ್ತದಾ? ಎಷ್ಟು? ಎಲ್ಲಿಗೆ ಹೋಯಿತು, ಕೈಗೋ ಬಾಯಿಗೋ ಶ್ವಾಸಕೋಶಕ್ಕೋ?' ಬಣ್ಣ ನೋಡಿ ವಿಷ ಅಳೆಯಲು ಆಗುವುದಿಲ್ಲ.

ಕೆಂಪು ಬಣ್ಣದ ಸ್ಟ್ರಾಂಷಿಯಂ ಅಣುಬಾಂಬಿನದು ಅಂತ ಓದಿದ್ದೆ. ನಿಜಾನಾ?

ಹೆಸರು ಒಂದೇ, ಗುಣ ಬೇರೆ. ಅಣುಬಾಂಬಿನಿಂದ ಬರುವುದು ಸ್ಟ್ರಾಂಷಿಯಂ-90, ವಿಕಿರಣ ಸೂಸುವಂಥದ್ದು. ಪಟಾಕಿಯದು ಭೂಮಿಯಿಂದ ಅಗೆದು ತೆಗೆದ ಸಾದಾ ಸ್ಟ್ರಾಂಷಿಯಂ. ಹಲ್ಲು ಜುಂ ಅನ್ನುವವರ ಕೆಲವು ಟೂತ್‌ಪೇಸ್ಟ್‌ಗಳಲ್ಲೂ ಇದರ ಲವಣ ಹಾಕುತ್ತಿದ್ದರು. ದೇಹ ಇದನ್ನು ಕ್ಯಾಲ್ಸಿಯಂ ಅಂದುಕೊಂಡು ಎಲುಬಿಗೆ ಸೇರಿಸುತ್ತದೆ. ಅದಕ್ಕೇ ಬೆಳೆಯುವ ಮಕ್ಕಳಿಗೆ ಜಾಸ್ತಿ ಹೋಗಬಾರದು. ಆದರೂ ಬೇರಿಯಂ ಪಕ್ಕ ಇಟ್ಟರೆ ಇದು ಸಾಧು.

ನಾವು ದ್ರಾಕ್ಷಿಗೆ ಮೈಲುತುತ್ತ ಹೊಡೀತೀವಿ. ನೀಲಿ ಪಟಾಕ್ಯಾಗ ಇರೂದೂ ಅದೇ ತಾಮ್ರ ಅಂದ್ರ ಹೆದರಿಕಿ ಯಾಕ?

ತಿಕೋಟಾ ಕಡೆಯ ರೈತರೊಬ್ಬರು ಕೇಳಿದ್ದು. ಪ್ರಶ್ನೆ ಸರಿಯಾಗಿದೆ. ಮೈಲುತುತ್ತಕ್ಕೆ ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ನಮ್ಮ ದ್ರಾಕ್ಷಿ, ದಾಳಿಂಬೆ ತೋಟಗಳಿಗೆ ಹೊಸದೇನಲ್ಲ. ತಾಮ್ರ ಅಂದ ತಕ್ಷಣ ಬೆಚ್ಚಬೇಕಿಲ್ಲ. ಆದರೆ ನೀಲಿ ಬಣ್ಣದ ಹಳೆಯ ಕಥೆ ಚೆನ್ನಾಗಿಲ್ಲ. ಹಿಂದೆ ಒಳ್ಳೆಯ ನೀಲಿಗಾಗಿ 'ಪ್ಯಾರಿಸ್ ಗ್ರೀನ್' ಎಂಬ ಹಸಿರು ಪುಡಿ ಹಾಕುತ್ತಿದ್ದರು. ಅದರಲ್ಲಿ ತಾಮ್ರದ ಜೊತೆ ಆರ್ಸೆನಿಕ್ ಇತ್ತು. ಗೋಡೆಗೆ ಬಣ್ಣ, ಹುಳಕ್ಕೆ ವಿಷ, ಆಕಾಶಕ್ಕೆ ನೀಲಿ, ಎಲ್ಲದಕ್ಕೂ ಅದೇ. ಈಗ ಅದರ ಜಾಗಕ್ಕೆ ತಾಮ್ರದ ಆಕ್ಸೈಡ್, ಕಾರ್ಬೊನೇಟ್ ಬಂದಿವೆ.

## ಮನೆ, ಮಕ್ಕಳು, ದನಕರು

ಸುರಸುರಬತ್ತಿ ಹಿಡಿದ ಕೈಯಿಂದಲೇ ಮೊಮ್ಮಗಳು ಚಕ್ಲಿ ತಿಂದಳು. ಏನಾದ್ರೂ ಆಗುತ್ತಾ?

ಒಮ್ಮೆ ತಿಂದರೆ ಏನೂ ಆಗುವ ಸಂಭವ ಕಡಿಮೆ. ಗಾಬರಿ ಬೇಡ. ಆದರೆ ಇದು ನಾನು ಪ್ರತಿ ದೀಪಾವಳಿ ನೋಡುವ ದೃಶ್ಯ, ಅದಕ್ಕೇ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಸುರಸುರಬತ್ತಿಯ ಬೂದು ಭಾಗವನ್ನು ಮುಟ್ಟಿ ಬೆರಳು ನೋಡಿ. ಹೆಬ್ಬೆರಳಿನ ಗೆರೆಗೆರೆಯಲ್ಲೂ ಬೆಳ್ಳಿಯಂಥ ಮಿನುಗು ಕೂತಿರುತ್ತದೆ. ಅದು ಅಲ್ಯೂಮಿನಿಯಂ ಪುಡಿ. ಅದರ ಜೊತೆ ಅಂಟಿಕೊಂಡಿರುವುದು ಕಣ್ಣಿಗೆ ಕಾಣದ ನೈಟ್ರೇಟ್. ಸುರಸುರಬತ್ತಿಗೆ ಬಹುಕಾಲ ಹಾಕಿದ್ದು ಬೇರಿಯಂ ನೈಟ್ರೇಟನ್ನೇ. ಮಗು ಆ ಬೆರಳಿನಿಂದ ಶಂಕರಪಾಳಿ ಎತ್ತುತ್ತದೆ, ಚೂಡಾದಲ್ಲಿ ಕೈ ಆಡಿಸುತ್ತದೆ, ಆಮೇಲೆ ಎಣ್ಣೆ ಬೆರಳನ್ನು ನೆಕ್ಕುತ್ತದೆ. ಫರಾಳದ ತಟ್ಟೆ ಒಳಗೆ ಇರಲಿ, ಪಟಾಕಿ ಅಂಗಳದಲ್ಲಿ ಇರಲಿ. ನಡುವೆ ಒಂದು ಬಚ್ಚಲು ಬರಲಿ. ಸಾಬೂನು ಸಾಕು, ಸ್ಯಾನಿಟೈಸರ್ ಬೇಡ. ಅದು ಲೋಹವನ್ನು ತೆಗೆಯುವುದಿಲ್ಲ, ಮೇಲಾಗಿ ಬೆಂಕಿ ಹತ್ತುತ್ತದೆ.

ಕೂಸು ಪಟಾಕಿ ಮದ್ದು ಬಾಯಾಗ ಹಾಕ್ಕೊಂಡೈತ್ರಿ! ಉಪ್ಪುನೀರು ಕುಡಿಸ್ಲ್ಯಾ?

ಬೇಡ. ಉಪ್ಪುನೀರು ಬೇಡ, ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸುವುದೂ ಬೇಡ. ಬಾಯಲ್ಲಿ ಉಳಿದದ್ದನ್ನು ಒರೆಸಿ ತೆಗೆಯಿರಿ, 108ಕ್ಕೆ ಫೋನ್ ಮಾಡಿ, ಇಲ್ಲವೇ ನೇರ ದವಾಖಾನೆಗೆ ಹೋಗಿ. ಪಟಾಕಿಯ ಡಬ್ಬಿ, ಉಳಿದ ಚೂರು ಜೊತೆಗೆ ಒಯ್ಯಿರಿ. ಡಾಕ್ಟರಿಗೆ ಅದರಷ್ಟು ಸಹಾಯ ಮಾಡುವ ವಸ್ತು ಇನ್ನೊಂದಿಲ್ಲ. ವಾಂತಿ, ಭೇದಿ, ಬಾಯಿ ಸುತ್ತ ಜುಮುಜುಮು, ಕೈಕಾಲು ಸೋಲುವುದು ಬೇರಿಯಂನ ಗುರುತು. ತುಟಿ, ಉಗುರು ನೀಲಿಯಾದರೆ ಕ್ಲೋರೇಟ್, ಅಂದರೆ ಉರಿಗೆ ಆಮ್ಲಜನಕ ಒದಗಿಸುವ ಲವಣ, ಇರಬಹುದು. ಇವು ಕಾಣಲಿ ಎಂದು ಕಾಯುತ್ತ ಕೂಡಬೇಡಿ. ಇನ್ನೊಂದು ಮಾತು, ಸುಟ್ಟ ಪಟಾಕಿಗಿಂತ ಸುಡದ ಪಟಾಕಿ ಬಾಯಿಗೆ ಕೆಟ್ಟದ್ದು. ಮರುದಿನ ಬೆಳಿಗ್ಗೆ ಮಕ್ಕಳು ಹೊತ್ತದ ಪಟಾಕಿ ಆರಿಸಿ ಮದ್ದು ಬಿಚ್ಚುತ್ತಾರಲ್ಲ, ಆ ಹೊತ್ತಿಗೇ ಹುಷಾರಾಗಿರಬೇಕು.

ಹಾವಿನ ಗುಳಿಗೆ ಸದ್ದು ಮಾಡಲ್ಲ, ಸಿಡಿಯಲ್ಲ. ಸಣ್ಣ ಮಕ್ಕಳಿಗೆ ಅದೇ ಒಳ್ಳೇದಲ್ವಾ?

ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ಒಂದು ಕಾಲಕ್ಕೆ ನಾನೂ ಅಂದುಕೊಂಡಿದ್ದೆ.

ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ನಿನವರು 2016ರಲ್ಲಿ ಒಂದು ಅಳತೆ ಹೊರಗೆ ಹಾಕಿದರು. ಪಟಾಕಿ ಹಚ್ಚಿದ ಜಾಗದ ಹತ್ತಿರ ಗಾಳಿಯಲ್ಲಿ ಪಿಎಂ 2.5, ಅಂದರೆ ಶ್ವಾಸಕೋಶದ ತಳಕ್ಕೆ ಇಳಿಯುವಷ್ಟು ಸಣ್ಣ ಧೂಳು, ಎಷ್ಟಿದೆ ಎಂದು. ಘನ ಮೀಟರಿಗೆ ಹೂಕುಂಡ 4,860 ಮೈಕ್ರೋಗ್ರಾಂ, ನೆಲಚಕ್ರ 9,490, ಸುರಸುರಬತ್ತಿ 10,390, ಸಾವಿರದ ಸರ 38,540. ಎಲ್ಲದಕ್ಕಿಂತ ಮೇಲೆ ಯಾರು? ಸದ್ದಿಲ್ಲದ ಹಾವಿನ ಗುಳಿಗೆ, 64,500. ನಮ್ಮ ದೇಶದಲ್ಲಿ ದಿನದ ಸರಾಸರಿಗೆ ಇಟ್ಟ ಮಿತಿ 60. ಹಚ್ಚಿದ ಆ ಗಳಿಗೆಯ ಅಂಕಿಯನ್ನು ಇಡೀ ದಿನದ ಸರಾಸರಿಗೆ ತೂಗುವುದು ಪೂರ್ತಿ ನ್ಯಾಯವಲ್ಲ, ನಿಜ. ಆದರೆ ಯಾರು ಆ ಹೊಗೆಯಲ್ಲಿ ಇರುತ್ತಾರೆ ನೋಡಿ. ಆಟಂಬಾಂಬ್ ಹಚ್ಚಿದವ ಓಡುತ್ತಾನೆ. ಹಾವಿನ ಗುಳಿಗೆ ಹಚ್ಚಿದ ನಾಲ್ಕು ವರ್ಷದ ಕೂಸು ಫರ್ಸಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಮೂಗು ಮುಂದೆ ಮಾಡಿ, 'ಹಾಂವ ಬಂತು, ಹಾಂವ ಬಂತು' ಅನ್ನುತ್ತದೆ.

ಒಳಗಿರುವುದು ಡಾಂಬರಿನ ಜಾತಿಯ ವಸ್ತು. ಪೂರ್ತಿ ಉರಿಯದೆ ಉಬ್ಬುತ್ತದೆ. ಅದಕ್ಕೇ ಅಷ್ಟು ಕರಿ ಹೊಗೆ. ಹಿಂದಿನ ಕಾಲದ 'ಫೇರೋನ ಹಾವು' ಇನ್ನೂ ಕೆಟ್ಟದ್ದು, ಅದರಲ್ಲಿ ಪಾದರಸ ಇತ್ತು. ಫರ್ಸಿಯ ಮೇಲಿನ ಆ ಕರಿ ಕಲೆ ನಮ್ಮ ಮನೆ ಮುಂದೆ ಯುಗಾದಿ ತನಕ ಹೋಗುವುದಿಲ್ಲ.

ನಮ್ಮ ಅವ್ವಗ ದಮ್ಮ ಐತಿ. ಕಿಟಕಿ ಹಾಕಿ ಮಾಸ್ಕ್ ಹಾಕಿದ್ರ ಸಾಕಾ?

ಅರ್ಧ ಸಾಕು. ಬಟ್ಟೆ ಮಾಸ್ಕ್ ಈ ಧೂಳನ್ನು ತಡೆಯುವುದಿಲ್ಲ. ಎನ್95 ಧೂಳು ತಡೆಯುತ್ತದೆ, ಆದರೆ ಗಂಧಕ ಉರಿದು ಬರುವ ಸಲ್ಫರ್ ಡೈಆಕ್ಸೈಡ್ ಅನಿಲವನ್ನು ತಡೆಯುವುದಿಲ್ಲ. ದಮ್ಮಿನವರ ಎದೆ ಬಿಗಿಯುವುದು ಅದರಿಂದಲೂ. ದೀಪಾವಳಿಯ ಹೊತ್ತಿಗೆ ರಾತ್ರಿ ತಂಪಾಗಿ ಹೊಗೆ ಕೆಳಗೇ ಕೂಡುತ್ತದೆ, ಬೆಳಗಿನ ಜಾವ ಇನ್ನೂ ಕೆಟ್ಟದ್ದು. ಇನ್‌ಹೇಲರ್ ಕೈಗೆ ಸಿಗುವಲ್ಲಿ ಇರಲಿ. ಆ ನಾಲ್ಕು ದಿನದ ಡೋಸ್ ಏನು ಎಂದು ಡಾಕ್ಟರನ್ನು ಮುಂಚೆಯೇ ಕೇಳಿಡಿ.

ಒಳಗೆ ಕೂತು ಹಚ್ಚುವುದಂತೂ ಬೇಡವೇ ಬೇಡ. ಒಂದು ವರ್ಷ ಬಾಗಲಕೋಟೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಸಂಜೆ ಮಳೆ ಹಿಡಿಯಿತು. ಮಕ್ಕಳ ಹಟಕ್ಕೆ ಪಡಸಾಲೆಯಲ್ಲೇ ಬಣ್ಣದ ಕಡ್ಡಿಪೆಟ್ಟಿಗೆ ಹಚ್ಚಲು ಬಿಟ್ಟೆವು. 'ಕಡ್ಡಿ ತಾನೆ' ಅಂದವನು ನಾನೇ. ಎರಡು ಪೆಟ್ಟಿಗೆ ಮುಗಿಯುವಷ್ಟರಲ್ಲಿ ಟ್ಯೂಬ್‌ಲೈಟ್ ಮಂಜಾಗಿತ್ತು. ಸಣ್ಣ ಅಳಿಯ ರಾತ್ರಿಯಿಡೀ ಕೆಮ್ಮಿದ. ಕೆಮಿಸ್ಟ್ರಿ ಮಾಸ್ತರ ಮನೆಯಲ್ಲೇ ಇದ್ದ ಎಂದು ಅಕ್ಕ ಇಂದಿಗೂ ಆಡಿಕೊಳ್ಳುತ್ತಾಳೆ.

ಸುಟ್ಟ ಕಡ್ಡಿ ಅದ್ದಿದ ಬಕೆಟ್ ನೀರು ಎಲ್ಲಿ ಚೆಲ್ಲಬೇಕು?

ಬಚ್ಚಲಿಗೆ. ತುಳಸಿಕಟ್ಟೆಗೆ, ಕಾಯಿಪಲ್ಯದ ಗಿಡಕ್ಕೆ, ಬಾವಿ ಕಡೆಗೆ ಬೇಡ. ದನದ ಬಾನಿಯ ಹತ್ತಿರವಂತೂ ಆ ಬಕೆಟ್ ಇಡಲೇಬೇಡಿ. ಪಾಡ್ಯದ ದಿನ ಬೆಳಗಾವಿಯ ಗವಳಿಗರು ಎಮ್ಮೆ ಸಿಂಗರಿಸಿ ಬೀದಿಗೆ ತರುವಾಗ ಹಿಂದಿನ ರಾತ್ರಿಯ ಕಾಗದ, ಮದ್ದು ರಸ್ತೆಯಲ್ಲೇ ಬಿದ್ದಿರುತ್ತದೆ. ದನಕ್ಕೆ ನೈಟ್ರೇಟಿನ ಉಪ್ಪು ರುಚಿ ಹಿಡಿಸುತ್ತದೆ, ನೆಕ್ಕಿಬಿಡುತ್ತದೆ. ಅಂಗಳದ ಕಸ ಗುಡಿಸಿದರೆ ತಿಪ್ಪೆಗೆ ಹಾಕದೆ ಕಟ್ಟಿ ಕಸದ ಗಾಡಿಗೆ ಕೊಡಿ.

## ಊರು, ಜಾತ್ರೆ, ಕಾನೂನು

ಜಾತ್ರೆಯ ಮದ್ದು ಮೇಲೆ ಸಿಡೀತದ. ಕೆಳಗ ನಿಂತವರಿಗೆ ಏನ್ ಬರ್ತದ?

ಬರುತ್ತದೆ, ನಿಧಾನಕ್ಕೆ. ಕಣ್ಣಿಗೆ ಬಿದ್ದ ಕಸರು, ತಲೆಯ ಮೇಲಿನ ಬೂದಿ, ಕಾಗದದ ಚೂರು ಎಲ್ಲ ಅದೇ. ಗಾಳಿ ಯಾವ ಕಡೆ ಬೀಸುತ್ತದೆ ನೋಡಿ ಅದರ ಎದುರು ಬದಿಗೆ, ಹೊಗೆ ಹೋಗದ ಕಡೆ ನಿಲ್ಲಿ. ನನ್ನ ತಕರಾರು ಮಿರ್ಚಿ ಭಜಿಯ ಬಗ್ಗೆ. ಗಾಳಿಯ ದಾರಿಯಲ್ಲೇ ಭಜಿ, ಚುರುಮುರಿ, ಬೆಂಡು-ಬತ್ತಾಸು ತೆರೆದಿಟ್ಟಿರುತ್ತಾರೆ. ಆ ಅರ್ಧ ಗಂಟೆ ಒಂದು ಬಟ್ಟೆ ಮುಚ್ಚಿದರೆ ಸಾಕು.

ರಾಜ್ಯೋತ್ಸವಕ್ಕ ನಾವು ಹಳದಿ, ಕೆಂಪು ಹೊಗಿ ಬಿಡ್ತೀವಿ. ಅದರಾಗ ಬೇರಿಯಂ ಇಲ್ಲಲ್ಲ, ನಡೀತದಲ್ರಿ?

ನವೆಂಬರ್ 1ಕ್ಕೆ ಬೆಳಗಾವಿಯ ಚನ್ನಮ್ಮ ವೃತ್ತದಲ್ಲಿ ನಿಂತವರಿಗೆ ಈ ಹೊಗೆ ಗೊತ್ತು. ಬಣ್ಣದ ಬೆಳಕಿಗೂ ಬಣ್ಣದ ಹೊಗೆಗೂ ಸಂಬಂಧವೇ ಇಲ್ಲ. ಬಾವುಟದ ಹಳದಿಯನ್ನು ಉರಿಯಲ್ಲಿ ತರಲು ಅಡುಗೆ ಉಪ್ಪಿನ ಸೋಡಿಯಂ ಸಾಕು, ಕೆಂಪಿಗೆ ಸ್ಟ್ರಾಂಷಿಯಂ ಸಾಕು. ಹೊಗೆಯಲ್ಲಿ ಅದೇ ಬಣ್ಣ ತರಲು ಡೈ, ಅಂದರೆ ಮೊದಲೇ ಬಣ್ಣವಿರುವ ರಾಸಾಯನಿಕ, ಬೇಕು. ತಣ್ಣಗೆ ಉರಿಯುವ ಮಿಶ್ರಣದ ಕಾವಿಗೆ ಡೈ ಆವಿಯಾಗಿ, ಹೊರಗೆ ಬಂದು ಮತ್ತೆ ಸಣ್ಣ ಕಣವಾಗುತ್ತದೆ. ಅಂದರೆ ನೀವು ಉಸಿರಾಡುವುದು ಡೈಯನ್ನೇ. ಡಬ್ಬಿ ಮೇಲೆ ಯಾವ ಡೈ ಎಂದು ಬರೆದಿರುವುದಿಲ್ಲ. ಮದುವೆ ಫೋಟೋದವರು ವಧೂವರರನ್ನು ಅದರೊಳಗೇ ನಿಲ್ಲಿಸುತ್ತಾರೆ, ನನಗಂತೂ ನೋಡಲು ಆಗುವುದಿಲ್ಲ. ಬಯಲಿನಲ್ಲಿ, ದೂರಕ್ಕೆ, ಗಾಳಿಯ ದಿಕ್ಕು ನೋಡಿ ಬಿಡಿ. ಮುಖದ ಹತ್ತಿರ, ಮಂಟಪದೊಳಗೆ ಬೇಡ.

ಹಸಿರು ಪಟಾಕಿ ಅಂದ್ರೆ ಹಸಿರು ಬಣ್ಣ ಬರೋದಾ?

ತಮಾಷೆ ಏನೆಂದರೆ, ಹಸಿರು ಬಣ್ಣ ಕೊಡುವ ಬೇರಿಯಂ ಹಸಿರು ಪಟಾಕಿಯಲ್ಲಿ ಇರಲೇಬಾರದು. ಇದು ನಾಗಪುರದಲ್ಲಿರುವ ಸರ್ಕಾರಿ ಪರಿಸರ ಸಂಶೋಧನಾ ಸಂಸ್ಥೆ ನೀರಿಯವರು ರೂಪಿಸಿ 2019ರಲ್ಲಿ ಹೊರತಂದ ಸೂತ್ರ. ಸ್ವಾಸ್, ಸ್ಟಾರ್, ಸಫಲ್ ಎಂಬ ಮೂರು ಹೆಸರು. ಸ್ವಾಸ್ ಸಿಡಿದಾಗ ನೀರಿನ ಆವಿ ಬಿಟ್ಟು ಧೂಳನ್ನು ತಗ್ಗಿಸುತ್ತದೆ, ಸಫಲ್‌ನಲ್ಲಿ ಅಲ್ಯೂಮಿನಿಯಂ ಕಡಿಮೆ. ಧೂಳು ಕನಿಷ್ಠ ಶೇ. 30ರಷ್ಟು ಕಡಿಮೆ ಎಂಬುದು ಅವರ ಲೆಕ್ಕ. ಉಳಿದ 70 ಎಲ್ಲಿಗೆ ಹೋಯಿತು ಎಂದು ನೀವೇ ಕೇಳಿಕೊಳ್ಳಿ. ಡಬ್ಬಿಯ ಮೇಲೆ ಲೋಗೋ, ಕ್ಯೂಆರ್ ಕೋಡ್ ಇರುತ್ತದೆ. ಸ್ಕ್ಯಾನ್ ಮಾಡಿ ನೋಡಿ, ಸುಮ್ನೆ ಹಸಿರು ಕಾಗದ ನೋಡಿ ಕೊಳ್ಳಬೇಡಿ.

ಬೇರಿಯಂ ಬಂದ್ ಆಗೇತಿ ಅಂತಾರ. ಯಾವಾಗ, ಯಾರು ಮಾಡಿದ್ರು?

ಸುಪ್ರೀಂ ಕೋರ್ಟ್, ಅರ್ಜುನ್ ಗೋಪಾಲ್ ಪ್ರಕರಣದಲ್ಲಿ. 2017ರ ಜುಲೈನಲ್ಲಿ ಸೀಸ, ಪಾದರಸ, ಆರ್ಸೆನಿಕ್, ಆಂಟಿಮನಿ, ಲಿಥಿಯಂ ಐದನ್ನೂ ಪಟಾಕಿಯಿಂದ ಹೊರಗಿಟ್ಟಿತು. 2018ರ ಅಕ್ಟೋಬರ್ 23ರ ಆದೇಶದಲ್ಲಿ ಬೇರಿಯಂ ಲವಣಗಳು, ಸರ ಪಟಾಕಿ, ಆನ್‌ಲೈನ್ ಮಾರಾಟ ನಿಷೇಧ ಆದವು. ದೀಪಾವಳಿಗೆ ರಾತ್ರಿ 8ರಿಂದ 10 ಎಂಬ ಹೊತ್ತೂ ಅದರಲ್ಲೇ ಬಂತು. 2021ರಲ್ಲಿ ಕೋರ್ಟ್ ಬೇರಿಯಂ ನಿಷೇಧವನ್ನು ಮತ್ತೆ ನೆನಪಿಸಿತು. ನೆನಪಿಸಬೇಕಾಗಿ ಬಂತು ಎಂಬುದರಲ್ಲೇ ಅಂಗಡಿಯ ಪರಿಸ್ಥಿತಿ ಇದೆ.

## ಸ್ವಲ್ಪ ಒಳಗಿನ ಕೆಮಿಸ್ಟ್ರಿ

ಬೆಂಕಿಗೆ ಹಾಕಿದ ಮೇಲೆ ವಿಷ ಉಳಿಯುತ್ತಾ? ಬೆಂಕಿ ಎಲ್ಲ ಸುಟ್ಟು ಶುದ್ಧ ಮಾಡುತ್ತೆ ಅಲ್ವಾ?

ಜೀವಿಗಳಿಂದ ಬಂದ ಎಷ್ಟೋ ವಿಷ ಬೆಂಕಿಗೆ ಸಾಯುತ್ತದೆ. ಲೋಹ ಸಾಯುವುದಿಲ್ಲ, ವೇಷ ಬದಲಿಸುತ್ತದೆ. ಬೇರಿಯಂ ನೈಟ್ರೇಟ್ ಉರಿದು ಆಕ್ಸೈಡ್ ಆಗುತ್ತದೆ, ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗುತ್ತದೆ. ಮೇಲೆ ಇಲಿ ಪಾಷಾಣ ಅಂದೆನಲ್ಲ, ಅದೇ. ಗಂಧಕದ ಜೊತೆ ಕೂಡಿ ಸಲ್ಫೇಟ್ ಆದ ಪಾಲು ಮಾತ್ರ ಕರಗದೆ ಸುಮ್ಮನೆ ಬೀಳುತ್ತದೆ. ಕುಡಿಯುವ ನೀರಿನಲ್ಲಿ ಬೇರಿಯಂ ಲೀಟರಿಗೆ 0.7 ಮಿಲಿಗ್ರಾಂ ದಾಟಬಾರದು ಎಂದು ಭಾರತೀಯ ಮಾನದಂಡ ಹೇಳುತ್ತದೆ.

ಬಣ್ಣಕ್ಕೆ ಪಿವಿಸಿ ಪುಡಿ ಹಾಕ್ತಾರಂತೆ. ಪೈಪಿನ ಪ್ಲಾಸ್ಟಿಕ್ ಯಾಕೆ ಬೇಕು?

ಕ್ಲೋರಿನ್ ಬೇಕು, ಅದಕ್ಕೆ. ಹಸಿರು ಬೆಳಕು ಬರುವುದು ಬರೀ ಬೇರಿಯಂನಿಂದ ಅಲ್ಲ. ಉರಿಯೊಳಗೆ ಒಂದು ಬೇರಿಯಂ, ಒಂದು ಕ್ಲೋರಿನ್ ಕ್ಷಣಕಾಲ ಜೋಡಿಯಾಗಿ ಇರುತ್ತವೆ. ಆ ಜೋಡಿ ಹಸಿರು ಸೂಸುತ್ತದೆ. ಕೆಂಪಿಗೂ ನೀಲಿಗೂ ಹೀಗೇ. ನೀಲಿಯ ಜೋಡಿ ಬಹಳ ನಾಜೂಕು. ಉರಿ ಸ್ವಲ್ಪ ಹೆಚ್ಚು ಕಾದರೆ ಮುರಿಯುತ್ತದೆ, ಬಣ್ಣ ಬಿಳಿಚುತ್ತದೆ. ಜಾತ್ರೆಯಲ್ಲಿ ಗಟ್ಟಿ ನೀಲಿ ಕಂಡರೆ ಅದನ್ನು ಕಟ್ಟಿದವನಿಗೆ ಕೈ ಮುಗಿಯಿರಿ. ಆದರೆ ಕ್ಲೋರಿನ್ ಬಂದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಆವಿಯೂ ಬರುತ್ತದೆ. ತಾಮ್ರ, ಕ್ಲೋರಿನ್, ಇಂಗಾಲ ಮೂರೂ ಒಟ್ಟಿಗೆ ಅರೆಬರೆ ಉರಿದರೆ ಡಯಾಕ್ಸಿನ್ ಜಾತಿಯ ವಿಷ ಹುಟ್ಟುವ ದಾರಿಯೂ ತೆರೆಯುತ್ತದೆ.

ಪರ್‌ಕ್ಲೋರೇಟಿಗೂ ಥೈರಾಯ್ಡಿಗೂ ಏನು ಸಂಬಂಧ?

ಪೊಟ್ಯಾಸಿಯಂ ಪರ್‌ಕ್ಲೋರೇಟ್ ಉರಿಗೆ ಆಮ್ಲಜನಕ ಒದಗಿಸುತ್ತದೆ. ಪೂರ್ತಿ ಉರಿದರೆ ನಿರುಪದ್ರವಿ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತದೆ. ಉರಿಯದೆ ಉಳಿದದ್ದು ಮಳೆಗೆ ಕರಗಿ ಕೆರೆ, ಹೊಂಡ ಸೇರುತ್ತದೆ. ಮಣ್ಣಿಗೆ ಅಂಟುವುದಿಲ್ಲ, ನೀರಿನ ಜೊತೆ ಹೋಗುತ್ತಲೇ ಇರುತ್ತದೆ. ಥೈರಾಯ್ಡ್ ಗ್ರಂಥಿ ಅಯೋಡಿನ್ ಎಳೆದುಕೊಳ್ಳುವ ಬಾಗಿಲಲ್ಲಿ ಇದು ಅಡ್ಡ ನಿಲ್ಲುತ್ತದೆ. ಬಸುರಿಯರಿಗೆ, ಎಳೆಗೂಸಿಗೆ ಇದರ ಚಿಂತೆ ಹೆಚ್ಚು. ಕುಡಿಯುವ ನೀರಿನ ಕೆರೆ ದಂಡೆಯಲ್ಲಿ ಮದ್ದು ಸುಡಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಸೀಸ, ಆಂಟಿಮನಿ ಇಂಥಾವನ್ನ ಯಾಕ ಹಾಕ್ತಿದ್ರು?

ಹಿಂದಿನವರಿಗೆ ಇವು ಮನೆ ಸಾಮಾನೇ. ಸಿಂಧೂರ ಎಂದರೆ ಸೀಸದ ಆಕ್ಸೈಡ್. ಆಕಾಶದಲ್ಲಿ ಚಟಪಟ ಅನ್ನುವ ನಕ್ಷತ್ರಗಳಿಗೆ ಅದನ್ನು ಹಾಕುತ್ತಿದ್ದರು, ಈಗ ಬಿಸ್ಮತ್ ಬಂದಿದೆ. ಸುರ್ಮಾ ಎಂದರೆ ಮೂಲದಲ್ಲಿ ಆಂಟಿಮನಿ ಸಲ್ಫೈಡ್, ಅದು ಮಿನುಗು ಕೊಡುತ್ತದೆ. ಪೇಟೆಯಲ್ಲಿ ಸುರ್ಮಾ ಎಂದು ಮಾರುವುದರಲ್ಲಿ ಎಷ್ಟೋ ಸಲ ಇರುವುದು ಸೀಸದ ಸಲ್ಫೈಡ್. ಪಟಾಕಿಗೆ ಬೇಡವಾದದ್ದನ್ನು ಕೂಸಿನ ಕಣ್ಣಿಗೆ ಹಚ್ಚುತ್ತೇವೆ, ಅದು ಬೇರೆ ಮಾತು.

ಬೇರಿಯಂ ಇಲ್ಲದೆ ಹಸಿರು ಬರಲ್ವಾ?

ಬರುತ್ತದೆ, ಬೋರಾನ್‌ನಿಂದ. ಅಮೆರಿಕದ ಸೇನೆಯ ಸಂಶೋಧಕರು ಸಿಗ್ನಲ್ ಫ್ಲೇರುಗಳಿಗಾಗಿ ಬೋರಾನ್ ಕಾರ್ಬೈಡ್ ಹಾಕಿ ಬೇರಿಯಂ ಇಲ್ಲದ ಹಸಿರು ಉರಿ ತೋರಿಸಿದ್ದಾರೆ. ಕೆಂಪಿಗೆ ಸ್ಟ್ರಾಂಷಿಯಂ ಬದಲು ಲಿಥಿಯಂ ಕೂಡ ನೋಡಿದ್ದಾರೆ. ವಿಚಿತ್ರ ಏನೆಂದರೆ, ಅಲ್ಲಿ ಬದಲಿ ಎಂದು ನೋಡಿದ ಲಿಥಿಯಂ ನಮ್ಮಲ್ಲಿ ನಿಷೇಧದ ಪಟ್ಟಿಯಲ್ಲಿದೆ.

ಸರ್, ಸೈನ್ಸ್ ಪ್ರಾಜೆಕ್ಟಿಗೆ ಬಣ್ಣದ ಫ್ಲೇರ್ ಮಾಡ್ಲಾ? ಲ್ಯಾಬಿನಲ್ಲಿ ಎಲ್ಲಾ ಇದೆ.

ಎಲ್ಲಾ ಇದೆ ಎಂಬುದೇ ನನ್ನ ಭಯ. ಕ್ಲೋರೇಟ್ ಮತ್ತು ಗಂಧಕ ಕೂಡಿದರೆ ಕಡ್ಡಿ ಗೀರುವುದೇ ಬೇಡ, ತಿಕ್ಕಿದರೂ ಹೊತ್ತುತ್ತದೆ. ಪಟಾಕಿ ಕಾರ್ಖಾನೆಗಳಿಗೇ ಈ ಮಿಶ್ರಣವನ್ನು 1992ರಲ್ಲಿ ಸರ್ಕಾರ ನಿಷೇಧಿಸಿದೆ. ಲೈಸೆನ್ಸ್ ಇಲ್ಲದೆ ಮದ್ದು ಮಾಡುವುದು ಅಪರಾಧವೂ ಹೌದು.

ಬಣ್ಣ ನೋಡುವ ಆಸೆಗೆ ಫ್ಲೇಮ್ ಟೆಸ್ಟ್ ಇದೆಯಲ್ಲ. ಪ್ಲಾಟಿನಂ ತಂತಿಯ ತುದಿಗೆ ಸಾಸಿವೆಯಷ್ಟೂ ಇಲ್ಲದ ಲವಣ, ಕೆಳಗೆ ಬರ್ನರ್, ಪಕ್ಕದಲ್ಲಿ ಎಕ್ಸಾಸ್ಟ್ ಫ್ಯಾನ್. ಮುಗಿದ ಮೇಲೆ ಕೈ ತೊಳೆದು ಊಟದ ಡಬ್ಬಿ ತೆಗೆಯಿರಿ. ಬೇರಿಯಂ ಬಂದರೆ ರೆಕಾರ್ಡಿನಲ್ಲಿ 'ಆಪಲ್ ಗ್ರೀನ್' ಎಂದೇ ಬರೆಯಿರಿ. ಗಿಣಿ ಹಸಿರು ಎಂದು ಬರೆದರೆ ನಾನು ಮಾರ್ಕ್ಸ್ ಕೊಡುತ್ತೇನೆ, ಹೊರಗಿನಿಂದ ಬರುವ ಪರೀಕ್ಷಕರು ಕೊಡುವುದು ಅನುಮಾನ.